ಕಾಡುಪಾಪ ಸಣ್ಣಮ್ಮ ಕಾರಿನ ಜಿರಲೆ ಬಿಡಿಸಿದ್ದು

ಎರಡು ಗುಡ್ಡಗಳ ನಡುವಿನ ಒಂದು ಕಾಡಿನಲ್ಲಿ ಒಂದು ಕಾರು ಇತ್ತು. ಹೌದು, ಕಾರೇ. ಯಾರೋ ಎಂದೋ ಬಿಟ್ಟುಹೋದದ್ದು. ಅದು ಹೇಗೆ ಓಡುತ್ತಿತ್ತು ಎಂದು ಕೇಳುತ್ತೀರಾ? ಏರು ಬಂದರೆ ಕಾಡುಕೋಣ ಬೊಮ್ಮಣ್ಣನೂ ಅವನ ತಮ್ಮನೂ ಹಿಂದಿನಿಂದ ತಳ್ಳುತ್ತಿದ್ದರು. ಇಳಿಜಾರು ಬಂದರೆ ಅದು ತಾನೇ ಓಡುತ್ತಿತ್ತು. ಸ್ಟೇರಿಂಗು, ಬ್ರೇಕು ಎರಡನ್ನೂ ಕರಡಿ ಜೋಗಯ್ಯ ನೋಡಿಕೊಳ್ಳುತ್ತಿದ್ದ. ಪ್ರತಿ ಸೋಮವಾರ ಅವನು ಕಾಡಿನ ಕುಂಟರು, ಮುದುಕರು, ಬಸುರಿಯರನ್ನೆಲ್ಲ ಕೂರಿಸಿಕೊಂಡು ಗುಡ್ಡದಾಚೆಯ ಮುಳ್ಳುಹಂದಿ ಪಂಡಿತನ ಹತ್ತಿರ ಮದ್ದಿಗೆ ಕರೆದೊಯ್ಯುತ್ತಿದ್ದ. ಸಂಜೆಗೆ ವಾಪಸು.

ಆ ಕಾರಿಗಾಗಿ ವಾರವಿಡೀ ಕಾಯುತ್ತಿದ್ದವಳು ಕಾಡುಪಾಪ ಸಣ್ಣಮ್ಮ. ಕಾಡುಪಾಪವನ್ನು ನೀವು ನೋಡಿರಲಿಕ್ಕಿಲ್ಲ. ಅಂಗೈ ಅಗಲದ ಮೈ, ಕಡ್ಡಿಯಂಥ ಕೈಕಾಲು, ಮುಖಕ್ಕೆ ಮೀರಿದ ಎರಡು ಕಣ್ಣು. ಹಗಲೆಲ್ಲ ನಿದ್ದೆ, ಕತ್ತಲಾದ ಮೇಲೆ ಸಂಸಾರ. ನಡಿಗೆಯಂತೂ ಕೇಳಲೇಬೇಡಿ, ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನಾವು ಊಟ ಮುಗಿಸಿ ಕೈ ತೊಳೆಯಬಹುದು. ಅವಳ ಅಕ್ಕ ಮುದ್ದಮ್ಮ ಬೇಸಗೆಯಲ್ಲಿ ಒಣಗಿದ ಕೊಂಬೆ ಹಿಡಿದು ಮರದಿಂದ ಬಿದ್ದಿದ್ದಳು. ಸೊಂಟಕ್ಕೆ ಪೆಟ್ಟಾಗಿ ನೆಲ ಹಿಡಿದಿದ್ದಳು. ಪಂಡಿತ ಎಣ್ಣೆ ಹಚ್ಚಿ ನೀವಿ, "ಹತ್ತು ಸೋಮವಾರ ತಪ್ಪದೆ ಬಂದರೆ ಮತ್ತೆ ಮರ ಹತ್ತುತ್ತಾಳೆ. ನಡುವೆ ತಪ್ಪಿದರೆ ನನ್ನನ್ನು ಕೇಳಬೇಡ" ಎಂದಿದ್ದ. ನಾಲ್ಕು ಸೋಮವಾರ ಆಗಿತ್ತು. ಆರು ಉಳಿದಿತ್ತು. ಮರ ಹತ್ತದ ಕಾಡುಪಾಪ ನೆಲದ ಮೇಲೆ ಎಷ್ಟು ದಿನ ಬದುಕೀತು? ಹಾವುಗಳಿಗೂ ಕಾಡುಬೆಕ್ಕುಗಳಿಗೂ ಆ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಆ ಕಾಡಿನವರದು ಒಂದು ಪದ್ಧತಿ. ಕಾರು ಹತ್ತುವ ಪ್ರತಿಯೊಬ್ಬರೂ ತಮ್ಮ ಬುತ್ತಿಯಿಂದ ಒಂದು ತುಣುಕು ಮುರಿದು ಮುಂದಿನ ಸೀಟಿನೆದುರಿನ ಡಬ್ಬಿಯಲ್ಲಿ ಇಡಬೇಕು. ಅದಕ್ಕೆ ದಾರಿತುತ್ತು ಎಂದು ಹೆಸರು. ದಾರಿತಾಯಿಗೆ ಕೊಟ್ಟದ್ದು, ದಾರಿಯಲ್ಲಿ ಕಾಪಾಡಲಿ ಎಂದು. ಒಬ್ಬರು ಹಲಸಿನ ತೊಳೆ ಇಟ್ಟರೆ ಇನ್ನೊಬ್ಬರು ಜೇನಿನ ಹುಟ್ಟಿನ ಚೂರು. ಇಟ್ಟದ್ದನ್ನು ಯಾರೂ ತೆಗೆಯುತ್ತಿರಲಿಲ್ಲ. ತಾಯಿಗೆ ಕೊಟ್ಟದ್ದನ್ನು ತೆಗೆಯುವುದುಂಟೇ? ಡಬ್ಬಿ ತುಂಬಿ ಚೆಲ್ಲಿದ್ದು ಸೀಟಿನ ಸಂದಿಗೆ, ಸಂದಿಯಿಂದ ನೆಲಕ್ಕೆ.

ಒಂದು ದಿನ ಅಲ್ಲಿಗೆ ಒಂದು ಜಿರಲೆ ಬಂತು. ಆಮೇಲೆ ಅದರ ಹೆಂಡತಿ. ಆಮೇಲೆ ನೆಂಟರು, ನೆಂಟರ ನೆಂಟರು. ಹೋದ ಮಳೆಗಾಲ ಕಳೆಯುವಷ್ಟರಲ್ಲಿ ಕಾರು ಜಿರಲೆಗಳದಾಗಿ, ನಮ್ಮವರು ಅದರಲ್ಲಿ ಬಾಡಿಗೆಯವರಂತಾದರು. ಮೊಲದ ಕಿವಿಯಲ್ಲಿ ಜಿರಲೆ. ಆಮೆಯ ಚಿಪ್ಪಿನೊಳಗೆ ಜಿರಲೆ. ಬುತ್ತಿಗಂಟು ಬಿಚ್ಚಿದರೆ ಅಲ್ಲಿ ಮೀಸೆ ತಿರುವುತ್ತ ಕೂತ ಜಿರಲೆ.

ಬೇವಿನ ಸೊಪ್ಪಿನ ಹೊಗೆ ಹಾಕಿದರು. ಜಿರಲೆಗಳು ಕೆಮ್ಮುತ್ತ ಹೊರಗೆ ಹೋಗಿ, ಹೊಗೆ ಆರಿದ ಮೇಲೆ ಒಳಗೆ ಬಂದವು. ಹಲ್ಲಿಗಳನ್ನು ತಂದು ಬಿಟ್ಟರು. ಹಲ್ಲಿಗಳು ಎರಡು ದಿನ ಹಬ್ಬ ಮಾಡಿ, ಹೊಟ್ಟೆ ಭಾರವಾಗಿ ಮಲಗಿಬಿಟ್ಟವು. ಸಣ್ಣಮ್ಮನೂ ತನ್ನ ಕೈಲಾದಷ್ಟು ತಿಂದಳು, ಕಾಡುಪಾಪಗಳು ಹುಳ ತಿನ್ನುವವೇ. ಆದರೆ ಹತ್ತು ತಿನ್ನಬಹುದು, ಇಪ್ಪತ್ತು ತಿನ್ನಬಹುದು. ಸಾವಿರ ಹೇಗೆ ತಿನ್ನುವುದು?

ಐದನೆಯ ಸೋಮವಾರ ಆಗಬಾರದ್ದು ಆಗಿಹೋಯಿತು. ಪಂಡಿತನ ಮನೆಯಿಂದ ವಾಪಸು ಬರುವಾಗ ದೊಡ್ಡ ಇಳಿಜಾರಿನಲ್ಲಿ ಒಂದು ಜಿರಲೆ ಜೋಗಯ್ಯನ ಮೂಗಿನೊಳಗೆ ನುಗ್ಗಿತು. ಜೋಗಯ್ಯ "ಹಾಕ್ಷೀ!" ಎಂದು ಸೀನಿದ ರಭಸಕ್ಕೆ ಸ್ಟೇರಿಂಗು ಕೈತಪ್ಪಿತು. ಕಾರು ದಾರಿ ಬಿಟ್ಟು ಓಡಿ, ಕಮರಿಯ ಅಂಚಿನಲ್ಲಿ ಒಂದು ಹುತ್ತಕ್ಕೆ ತಗುಲಿ ನಿಂತಿತು.

ಮಾರನೆಯ ದಿನವೇ ಪಂಚಾಯಿತಿ ಸೇರಿತು. ಕಾಡುಕೋಣ ಬೊಮ್ಮಣ್ಣನೇ ಹಿರಿಯ. "ಬರೋ ಸೋಮವಾರ ಬೆಳಿಗ್ಗೆ ಈ ಕಾರನ್ನ ಕಮರಿಗೆ ತಳ್ಳಿಬಿಡೋಣ," ಎಂದ. "ಹೋದ ಸಲ ಹುತ್ತ ಅಡ್ಡ ಬಂತು. ಮುಂದಿನ ಸಲ ಯಾರು ಬರ್ತಾರೆ?"

"ಜಿರಲೆ ಬಿಡಿಸಿದ್ರೆ?" ಎಂದಳು ಸಣ್ಣಮ್ಮ.

"ಹೊಗೆ ಹಾಕಿ ಆಯ್ತು, ಹಲ್ಲಿ ಬಿಟ್ಟು ಆಯ್ತು. ಇನ್ನು ನೀನು ಬಿಡಿಸ್ತೀಯೇನವ್ವ?"

ಎಲ್ಲರೂ ನಕ್ಕರು. ಸಣ್ಣಮ್ಮ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಸೋಮವಾರದ ತನಕ ಟೈಮ್ ಕೊಡಿ ಅಣ್ಣ, ಸಾಕು," ಎಂದಳು. ಕೊಟ್ಟರು. ಕೊಟ್ಟರೆ ಕಳೆದುಕೊಳ್ಳುವುದೇನು ಎಂದುಕೊಂಡೇ ಕೊಟ್ಟರು.

ಈಗ ನೋಡಿ ಅವಳ ಜಾಣ್ಮೆ. ಉಳಿದವರೆಲ್ಲ ಜಿರಲೆ ಕಂಡರೆ ಅಟ್ಟಿಸಿಕೊಂಡು ಹೋಗುತ್ತಿದ್ದರು. ಸಣ್ಣಮ್ಮ ಸುಮ್ಮನೆ ಕೂತು ನೋಡಿದಳು. ಕತ್ತಲಲ್ಲಿ ಅವು ಎಲ್ಲೆಂದರಲ್ಲಿ ಓಡಾಡುತ್ತವೆ, ಲೆಕ್ಕಕ್ಕೆ ಸಿಗುವುದಿಲ್ಲ. ಹಗಲಿನಲ್ಲಿ ತಮ್ಮ ತಮ್ಮ ಸಂದಿಗೆ ಹೋಗಿ ಒತ್ತಾಗಿ ಮಲಗುತ್ತವೆ. ಹಾಗಾದರೆ ಅವುಗಳ ಮನೆ ಗೊತ್ತಾಗಬೇಕಾದರೆ ಹಗಲಲ್ಲೇ ನೋಡಬೇಕು. ಹಗಲೆಂದರೆ ಕಾಡುಪಾಪಕ್ಕೆ ಕಣ್ಣಿಗೆ ಮೆಣಸಿನಪುಡಿ ಎರಚಿದಂತೆ. ಸಣ್ಣಮ್ಮ ಒಂದು ಮುತ್ತುಗದ ಎಲೆಯನ್ನು ತಲೆಗೆ ಕಟ್ಟಿಕೊಂಡು, ನೀರು ಸುರಿಯುವ ಕಣ್ಣನ್ನು ಒರೆಸಿಕೊಳ್ಳುತ್ತ, ಕಾರಿನೊಳಗೆ ಇಳಿದಳು.

ಕಡ್ಡಿಯಂಥ ಆ ಕೈಗಳು ಕರಡಿಯ ಪಂಜ ಹೋಗದ ಕಡೆ ಹೋದವು. ಸೀಟಿನ ಕೆಳಗೆ, ಹೊಲಿಗೆಯ ಒಳಗೆ, ಕಾಲಿಡುವ ಚಾಪೆಯ ಅಡಿಗೆ. ಎಂದೋ ಬಿದ್ದ ಹಲಸಿನ ನಾರು ತೆಗೆದಳು. ಕಲ್ಲಾಗಿದ್ದ ಜೇನಿನ ಹನಿ ಕೆರೆದಳು. ಕಡಲೆಕಾಳಿನಂತೆ ಅಂಟಿಕೊಂಡಿದ್ದ ಜಿರಲೆ ಮೊಟ್ಟೆಯ ಚೀಲಗಳನ್ನು ಒಂದೊಂದಾಗಿ ಕಿತ್ತು ಎಲೆಯಲ್ಲಿ ಕಟ್ಟಿ ಹೊರಗೆ ಎಸೆದಳು. ಜೋಗಯ್ಯನಿಂದ ಜೇನುಮೇಣ ಇಸಿದುಕೊಂಡು, ಹುತ್ತದ ಮಣ್ಣು ಕಲಸಿ, ಕಾರಿನ ತಳದ ತೂತುಗಳಿಗೆ ಮೆತ್ತಿದಳು. ಮಂಗಳವಾರ ಮಾಡಿದಳು, ಬುಧವಾರ ಮಾಡಿದಳು. ಕಣ್ಣು ಕುಂಕುಮದಂತೆ ಕೆಂಪಾಯಿತು. ಗುರುವಾರವೂ ಮಾಡಿದಳು. ಇಂಥವಳಿಗೆ ಕೈಮುಗಿಯದೆ ಇನ್ಯಾರಿಗೆ ಮುಗಿಯುವುದು?

ಉಳಿದದ್ದು ಮುಂದಿನ ಡಬ್ಬಿ. ಜಿರಲೆಗಳ ಕಣಜ. ಅವಳು ಅದರ ಮುಚ್ಚಳಕ್ಕೆ ಕೈ ಹಾಕಿದಳೋ ಇಲ್ಲವೋ, ಡಬ್ಬಿಯ ಮೇಲಿದ್ದ ಹಳೆಯ ರೇಡಿಯೋದಿಂದ ಒಂದು ದನಿ ಬಂತು. ಹಾಡು ನಿಂತು ಕಾಲವಾಗಿದ್ದ ರೇಡಿಯೋ ಅದು.

"ಮುಟ್ಟಬೇಡ! ನಾನು ದಾರಿತಾಯಿ! ನನ್ನ ತುತ್ತು ಮುಟ್ಟಿದರೆ ಕಾಡು ಸುಟ್ಟುಹೋದೀತು!"

ಪಕ್ಕದಲ್ಲಿದ್ದ ಜೋಗಯ್ಯ ದಡಕ್ಕನೆ ನೆಲಕ್ಕೆ ಬಿದ್ದು ಕೈಮುಗಿದ. ದನಿಯನ್ನು ಅವನು ಮೊದಲೂ ಕೇಳಿದ್ದ. ಡಬ್ಬಿ ಖಾಲಿ ಮಾಡೋಣ ಎಂದು ಯಾರಾದರೂ ಅಂದರೆ ಸಾಕು, ರೇಡಿಯೋ ಗುಡುಗುತ್ತಿತ್ತು. ಅದಕ್ಕೇ ಇಷ್ಟು ದಿನ ಆ ಡಬ್ಬಿಯ ತಂಟೆಗೆ ಯಾರೂ ಹೋಗಿರಲಿಲ್ಲ.

ಸಣ್ಣಮ್ಮನೂ ಕೈಮುಗಿದಳು. "ತಪ್ಪಾಯ್ತು ತಾಯಿ. ನಿನಗೆ ಹೂವು ತರಲಾ?"

"ಹೂವು ಬೇಡ. ಹಲಸಿನ ತೊಳೆ ತಾ."

"ತಣ್ಣಗೆ ನೀರು ಚಿಮುಕಿಸಲಾ?"

"ಬೇಡ ಬೇಡ, ನೀರು ಬೇಡ!"

"ಬಾಗಿಲು ತೆಗೆದಿಡಲಾ? ನಾಲ್ಕು ಜನ ಕಣ್ತುಂಬ ನೋಡಲಿ."

"ಅಯ್ಯೋ, ಬೆಳಕು ಬೇಡ! ಬಾಗಿಲು ಮುಚ್ಚು!"

ಸಣ್ಣಮ್ಮ ತನ್ನ ದೊಡ್ಡ ಕಣ್ಣುಗಳನ್ನು ರೇಡಿಯೋದ ಜಾಲರಿಗೆ ಹತ್ತಿರ ತಂದಳು. ಒಳಗಿನ ಕತ್ತಲು ಬೇರೆಯವರಿಗೆ ಕತ್ತಲು, ಅವಳಿಗೆ ಮನೆ ಇದ್ದಂತೆ. ಎರಡು ಉದ್ದನೆಯ ಮೀಸೆಗಳು ಅಲ್ಲಾಡುತ್ತಿದ್ದವು. ಅವು ಜಿರಲೆಗಳ ಯಜಮಾನ ಮೀಸೆಕಾಳನವು.

ಹೊರಗೆ ಬಂದು ಅವಳು ಜೋಗಯ್ಯನ ಕಿವಿಯಲ್ಲಿ ವಿಷಯ ಹೇಳಿದಳು. ಜೋಗಯ್ಯ ಕಿವಿ ಮುಚ್ಚಿಕೊಂಡ. "ಬಿಡ್ತು ಅನ್ನು, ಬಿಡ್ತು ಅನ್ನು! ತಾಯಿನ ಜಿರಲೆ ಅಂತೀಯಾ? ನಿದ್ದೆಗೆಟ್ಟು ನಿನಗೆ ಏನೇನೋ ಕಾಣ್ತಿದೆ ಕಣಮ್ಮ."

ಜೋಗಯ್ಯನೇ ನಂಬದಿದ್ದರೆ ಪಂಚಾಯಿತಿ ನಂಬುತ್ತದೆಯೇ? ಆ ದಿನ ಸಣ್ಣಮ್ಮ ಕಾರಿನ ಚಾವಣಿಯ ಮೇಲೆ ಒಬ್ಬಳೇ ಕೂತಿದ್ದಳು. ಸುಸ್ತಿಗೆ ಅಳು ಬಂತು, ಒಂದಷ್ಟು ಅತ್ತಳು ಕೂಡ. ಅಷ್ಟರಲ್ಲಿ ಬಿಸಿಲು ಅವಳ ಕಾಲಿಗೆ ತಾಗಿತು. ಅವಳು ಸರಿದು ಕೂತಳು. ಸ್ವಲ್ಪ ಹೊತ್ತಿಗೆ ಮತ್ತೆ ತಾಗಿತು. ಮತ್ತೆ ಸರಿದಳು. ಹೀಗೆ ಮೂರನೆಯ ಸಲ ಸರಿಯುವಾಗ ಅವಳಿಗೆ ಥಟ್ಟನೆ ಹೊಳೆಯಿತು. ನೆರಳು ನಡೆಯುತ್ತದೆ! ಹುಟ್ಟಿದಾಗಿನಿಂದ ಹಗಲು ಮಲಗಿದ ಅವಳಿಗೆ ಇದು ಈ ವಾರ ತಿಳಿದ ಸಂಗತಿ. ಹಗಲೇ ಕಾಣದ ಮೀಸೆಕಾಳನಿಗೆ ಇನ್ನೂ ತಿಳಿದಿರಲಿಕ್ಕಿಲ್ಲ.

ಶನಿವಾರ ಅವಳು ಮತ್ತೆ ರೇಡಿಯೋದ ಎದುರು ಕೂತಳು. "ತಾಯಿ, ಸೋಮವಾರ ಕಾರು ಕಮರಿಗೆ ಹೋಗುತ್ತೆ. ಆಮೇಲೆ ನಿನಗೆ ತುತ್ತು ಇಡೋರು ಯಾರು? ನಿನಗೆ ಏನು ಸೇವೆ ಮಾಡಿದ್ರೆ ಈ ಜಿರಲೆ ಕಾಟ ತಪ್ಪಿಸ್ತೀಯಾ? ಬಾಯಿಬಿಟ್ಟು ಹೇಳು, ಊರೋರಿಂದ ಮಾಡಿಸ್ತೀನಿ."

ಮೀಸೆಕಾಳ ಒಳಗೆ ಕೂತು ಯೋಚಿಸಿದ. ಸಣ್ಣಮ್ಮ ಮೂರು ದಿನ ಗುಡಿಸಿದ ಮೇಲೆ ಸೀಟಿನ ಕೆಳಗೆ ಒಂದು ಚೂರೂ ಇರಲಿಲ್ಲ. ಕಾರಿನ ಜಿರಲೆಗಳೆಲ್ಲ ಡಬ್ಬಿಗೇ ಮುತ್ತಿಗೆ ಹಾಕಿ, ಡಬ್ಬಿಯೂ ಬರಿದಾಗುತ್ತ ಬಂದಿತ್ತು. ಅವನ ಹೊಟ್ಟೆಯೂ ಚುರುಗುಟ್ಟುತ್ತಿತ್ತು. ಊರವರಿಂದ ಎಂದ ಕೂಡಲೇ ಬಾಯಲ್ಲಿ ನೀರೂರಿತು.

"ಕೇಳು," ಎಂದ ದನಿ ದಪ್ಪ ಮಾಡಿ. "ನಾಳೆ ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ನನಗೆ ಮಡಿ. ಬೆಲ್ಲ, ಹಲಸು, ಜೇನು, ಬಾಳೆಹಣ್ಣು, ಎಲ್ಲ ತಂದು ಸೀಟಿನ ತುಂಬ ಸುರೀರಿ. ಕಿಟಕಿ, ಬಾಗಿಲು ಭದ್ರವಾಗಿ ಮುಚ್ಚಿ. ಮಡಿ ಮುಗಿಯೋ ತನಕ ಯಾರೂ ಕಾರು ಮುಟ್ಟಕೂಡದು. ಯಾರೇ ಕೂಗಿದರೂ, ಯಾರೇ ಕರೆದರೂ ಬಾಗಿಲು ತೆಗೀಕೂಡದು. ತೆಗೆದ್ರೆ ನೋಡಿ!"

"ಕಾರನ್ನ ಎಲ್ಲಿ ನಿಲ್ಲಿಸಬೇಕು ತಾಯಿ?"

"ನೆರಳಲ್ಲಿ! ಒಳ್ಳೇ ಗಟ್ಟಿ ನೆರಳಲ್ಲಿ!"

"ಹಾಗೇ ಆಗಲಿ," ಎಂದಳು ಸಣ್ಣಮ್ಮ.

ಭಾನುವಾರ ಬೆಳಗಾಗುವ ಹೊತ್ತಿಗೆ ಜೋಗಯ್ಯ ಕಾರನ್ನು ಸಣ್ಣಮ್ಮ ತೋರಿಸಿದ ಕಡೆ, ದೊಡ್ಡ ಬಂಡೆಯ ಪಡುವಣ ಮಗ್ಗುಲಿಗೆ, ತಂದು ನಿಲ್ಲಿಸಿದ. ಸೂರ್ಯ ಮೂಡಣದಲ್ಲಿ ಏಳುತ್ತಿದ್ದ. ಬಂಡೆಯ ನೆರಳು ಕಾರನ್ನು ಪೂರ್ತಿ ಮುಚ್ಚಿತ್ತು, ಕಂಬಳಿ ಹೊದಿಸಿದ ಹಾಗೆ ತಣ್ಣಗೆ. ತಾಯಿಯ ಅಪ್ಪಣೆ ಎಂದು ಸಣ್ಣಮ್ಮ ಹೇಳಿದ್ದಕ್ಕೆ ಊರವರೆಲ್ಲ ಬುತ್ತಿ ತಂದು ಸುರಿದರು. ಕಾರನ್ನು ಉಳಿಸಿಕೊಳ್ಳುವ ಆಸೆ ಅವರಿಗೂ ಇತ್ತು, ನಗುವವರ ಹೊಟ್ಟೆಯಲ್ಲೂ ಸಂಕಟ ಇರುತ್ತದೆ. ಕಿಟಕಿಯ ಗಾಜು ಏರಿಸಿ, ಬಾಗಿಲು ಹಾಕಿ, ಎಲ್ಲರೂ ದೂರ ಹೋಗಿ ಕೂತರು. ಕಾಡುಕೋಳಿಗಳನ್ನು ಮಾತ್ರ ಸಣ್ಣಮ್ಮ ಕಾರಿನ ಸುತ್ತ ಬಂದು ಕೂರಲು ಕರೆದಿದ್ದಳು.

"ನಮಗೇನು ಕೆಲಸ ಇಲ್ಲಿ?" ಎಂದಿತು ಹುಂಜ.

"ಊಟಕ್ಕೆ ಕರೆದಿದ್ದೀನಿ ಅನ್ಕೋ. ಸ್ವಲ್ಪ ಲೇಟಾಗುತ್ತೆ."

ಒಳಗೆ ಕತ್ತಲು, ತಂಪು, ತಿನಿಸು. ಮೀಸೆಕಾಳ ರೇಡಿಯೋದಿಂದ ಹೊರಗೆ ಬಂದು, "ಬನ್ರೋ! ಒಬ್ಬರೂ ಬಿಡದೆ ಬನ್ನಿ! ಇವತ್ತು ಕೇಳೋರಿಲ್ಲ!" ಎಂದು ಕರೆದ. ಸಂದಿ ಸಂದಿಯಿಂದ ಜಿರಲೆಗಳು ಹೊರಟವು. ಸೀಟು ಕಾಣದಷ್ಟು ಮುತ್ತಿಕೊಂಡು ತಿಂದವು.

ಹೊತ್ತು ಏರಿತು. ಬಂಡೆಯ ನೆರಳು ಹಿಂದೆ ಸರಿಯಿತು. ಮೊದಲು ಕಾರಿನ ಮೂತಿಗೆ ಬಿಸಿಲು ಬಿತ್ತು, ಆಮೇಲೆ ಗಾಜಿಗೆ, ಆಮೇಲೆ ಚಾವಣಿಗೆ. ನಡುಹಗಲಾಗುವಷ್ಟರಲ್ಲಿ ಇಡೀ ಕಾರು ಬಯಲು ಬಿಸಿಲಿನಲ್ಲಿತ್ತು. ಬೇಸಗೆಯ ಬಿಸಿಲು, ಮುಚ್ಚಿದ ಕಾರು. ಒಳಗೆ ಹೇಗಿದ್ದೀತು ನೀವೇ ಹೇಳಿ. ಬೆಲ್ಲ ಕರಗಿ ಪಾಕವಾಯಿತು. ಜಿರಲೆಗಳು ತಳದ ತೂತುಗಳಿಗೆ ಓಡಿದವು. ತೂತುಗಳಿಗೆಲ್ಲ ಸಣ್ಣಮ್ಮ ಮೆತ್ತಿದ್ದ ಮೇಣದ ಮಣ್ಣು ಒಣಗಿ ಕಲ್ಲಾಗಿತ್ತು. ಕಿಟಕಿಗೆ ಓಡಿದವು. ಗಾಜು ಕಾದ ಹೆಂಚಾಗಿತ್ತು.

ಮೀಸೆಕಾಳ ಮತ್ತೆ ರೇಡಿಯೋದೊಳಗೆ ನುಗ್ಗಿದ, ರೇಡಿಯೋ ಕೂಗಿತು. "ಬಾಗಿಲು ತೆಗೀರಿ! ಬೇಗ ತೆಗೀರಿ!"

ಜೋಗಯ್ಯ ಗಾಬರಿಯಿಂದ ಎದ್ದ. ಸಣ್ಣಮ್ಮ ಅವನ ಕಾಲಿಗೆ ಅಡ್ಡ ನಿಂತಳು. ತಲೆಯ ಮೇಲಿನ ಎಲೆ ಬಾಡಿ ಜೋತುಬಿದ್ದಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವಳ ದನಿ ಮಾತ್ರ ಗಟ್ಟಿಯಾಗಿತ್ತು. "ಯಾರು ಕೂಗಿದ್ರೂ ತೆಗೀಬೇಡಿ ಅಂತ ತಾಯೇ ಹೇಳಿದ್ದಾಳೆ. ಕೂಗ್ತಿರೋರು ಯಾರಪ್ಪ?"

"ನಾನೇ! ದಾರಿತಾಯಿ!"

"ದಾರಿತಾಯಿ ಆದ್ರೆ ದಾರಿ ಮೇಲಿನ ಬಿಸಿಲು ನಿನಗೆ ಹೊಸದಾ? ಎಲ್ಲಾ ದಾರಿಗೂ ದಿನಾ ಬಿಸಿಲು ಬೀಳುತ್ತೆ. ಸುಮ್ನಿರು ತಾಯಿ, ಸಂಜೆ ತನಕ ಮಡಿ."

ಒಳಗಿನ ದನಿ ದಪ್ಪವನ್ನೆಲ್ಲ ಕಳೆದುಕೊಂಡು ಕೀರಲಾಯಿತು. "ಅಯ್ಯೋ ಸಾಯ್ತೀನಿ! ನಾನು ತಾಯಿನೂ ಅಲ್ಲ, ಗೀಯಿನೂ ಅಲ್ಲ! ಜಿರಲೆ ಕಣ್ರೋ! ಮೀಸೆಕಾಳ! ನಿಮ್ಮ ತುತ್ತು ತಿನ್ನೋ ಆಸೆಗೆ ಸುಳ್ಳು ಹೇಳ್ದೆ! ಬಾಗಿಲು ತೆಗೀರಪ್ಪ!"

ಇಡೀ ಕಾಡು ಕೇಳಿಸಿಕೊಂಡಿತು. ಜೋಗಯ್ಯನ ಮುಖ ನೋಡುವ ಹಾಗಿರಲಿಲ್ಲ. ಇಷ್ಟು ದಿನ ಒಂದು ಜಿರಲೆಗೆ ಅಡ್ಡಬಿದ್ದಿದ್ದ ಪಾಪದವನು. ಅವನು ಸಣ್ಣಮ್ಮನ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಜೋಗಯ್ಯ ನಾಲ್ಕೂ ಬಾಗಿಲುಗಳನ್ನು ದಢಾರನೆ ತೆಗೆದ.

ಬದುಕಿದ್ದ ಜಿರಲೆಗಳು ಹೊರಗೆ ಸುರಿದವು. ಕಾಡುಕೋಳಿಗಳಿಗೆ ಕಾದದ್ದು ಸಾರ್ಥಕವಾಯಿತು. ಮೀಸೆಕಾಳ ಎಲ್ಲರಿಗಿಂತ ಕೊನೆಗೆ ಬಂದ, ಕಾಲಿಗೆ ಪಾಕ ಮೆತ್ತಿಕೊಂಡಿತ್ತು. ಬಿಸಿಲಿಗೆ ಕಣ್ಣು ಕತ್ತಲಾಗಿ ಹತ್ತಿರದಲ್ಲಿ ಕಂಡ ನೆರಳಿಗೆ ಓಡಿದ. ಅದು ಹುಂಜದ ನೆರಳು. ಹುಂಜ ಒಮ್ಮೆ ಬಗ್ಗಿ ಮೇಲೆದ್ದಾಗ ಅದರ ಕೊಕ್ಕಿನ ಎರಡು ಬದಿಗೆ ಎರಡು ಉದ್ದನೆಯ ಮೀಸೆಗಳು ಮಾತ್ರ ಕಾಣುತ್ತಿದ್ದವು.

ಜನ ಕುಣಿದಾಡಿದರು. ಸಣ್ಣಮ್ಮನನ್ನು ಹೊತ್ತು ಮೆರೆಸೋಣ ಎಂದರು. ಅವಳು, "ಇನ್ನೂ ಮುಗಿದಿಲ್ಲ," ಎಂದಳು. ನೀವೂ ನಾನೂ ಆಗಿದ್ದರೆ ಹೊತ್ತು ಮೆರೆಸಲಿ ಎಂದು ಹೆಗಲು ಹತ್ತುತ್ತಿದ್ದೆವು. ಅವಳು ಮತ್ತೆ ಕಾರಿಗೆ ಇಳಿದಳು. ಸೀಟಿನ ಮೇಲಿನ ಪಾಕವನ್ನೆಲ್ಲ ತೊಳೆಸಿದಳು. ಡಬ್ಬಿಯನ್ನು ಎಳೆದು ಹೊರಗೆ ಹಾಕಿಸಿದಳು. ರೇಡಿಯೋದ ಹಿಂದೆ ಕೈಹಾಕಿ ಇನ್ನೂ ಒಂದು ಮುಷ್ಟಿ ಮೊಟ್ಟೆಯ ಚೀಲ ತೆಗೆದಳು. "ಇದೊಂದು ಉಳಿದ್ರೂ ಮುಂದಿನ ತಿಂಗಳು ಇದೇ ಹಾಡು," ಎಂದಳು.

"ದಾರಿತುತ್ತು ನಿಲ್ಲಿಸಿಬಿಡಬೇಕಾ ಹಾಗಾದ್ರೆ?" ಎಂದು ಬೊಮ್ಮಣ್ಣ ಮೆಲ್ಲನೆ ಕೇಳಿದ. ಅವನಿಗೆ ಅದೇ ದುಃಖ. ಅವನ ಅಜ್ಜಿಯ ಕಾಲದಿಂದ, ಕಾರು ಬರುವುದಕ್ಕೂ ಮೊದಲಿನಿಂದ, ದಾರಿಗೆ ಹೊರಟವರು ತುತ್ತು ಇಡುತ್ತಿದ್ದರು.

"ಯಾಕೆ ನಿಲ್ಲಿಸ್ಬೇಕಣ್ಣ? ದಾರಿಗೆ ಇಡೋದನ್ನ ದಾರಿಗೇ ಇಡೋಣ. ಗುಡ್ಡದ ತುದಿಯಲ್ಲಿ ಕಾರು ನಿಲ್ಲಿಸಿ, ಇಳಿದು, ಕಲ್ಲಿನ ಮೇಲೆ ಇಟ್ಟು ಬರೋಣ. ಇರುವೆ ತಿನ್ನಲಿ, ಹಕ್ಕಿ ತಿನ್ನಲಿ. ಕಾರಿನೊಳಗೆ ಮಾತ್ರ ಬುತ್ತಿ ಬಿಚ್ಚೋದು ಬೇಡ. ಬಿಚ್ಚಿದ್ರೆ, ಬಿದ್ದ ಚೂರನ್ನ ಬಿದ್ದೋರೇ ಎತ್ತಬೇಕು."

"ಬೀಳಿಸಿದೋರು ಅನ್ನೇ," ಎಂದಳು ಮರದಡಿ ಮಲಗಿದ್ದ ಮುದ್ದಮ್ಮ. ಸೊಂಟ ಹೋಗಿದ್ದರೂ ಅವಳ ನಾಲಿಗೆ ನೆಟ್ಟಗಿತ್ತು. "ನಿದ್ದೆ ಇಲ್ದೆ ಮಾತು ತಪ್ತಾ ಇದೆ ಇವಳಿಗೆ."

ಸೋಮವಾರ ಕಾರು ಕಮರಿಗೆ ಹೋಗಲಿಲ್ಲ, ಪಂಡಿತನ ಮನೆಗೆ ಹೋಯಿತು. ಗುಡ್ಡದ ತುದಿಯಲ್ಲಿ ಎಲ್ಲರೂ ಇಳಿದು ಕಲ್ಲಿನ ಮೇಲೆ ತುತ್ತು ಇಟ್ಟರು. ಅದರ ಮುಂದಿನ ಸೋಮವಾರವೂ ಹೋಯಿತು. ಹೊರಡುವ ಮುಂಚೆ ಪ್ರತಿಸಲ ಸಣ್ಣಮ್ಮ ಸೀಟಿನಡಿ ಕೈಹಾಕಿ ನೋಡುತ್ತಿದ್ದಳು. ಒಮ್ಮೆ ಎರಡು ಮರಿಜಿರಲೆ ಸಿಕ್ಕವು, ಬಾಯಿಗೆ ಹಾಕಿಕೊಂಡಳು. ಆಮೇಲೆ ಏನೂ ಸಿಗಲಿಲ್ಲ. ಆದರೂ ನೋಡುವುದನ್ನು ಬಿಡಲಿಲ್ಲ.

ಹತ್ತನೆಯ ಸೋಮವಾರ ಕಳೆದ ಮರುದಿನ ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ಮುದ್ದಮ್ಮ ಹುಣಸೆ ಮರದ ಬುಡವನ್ನು ಎರಡು ಕೈಯಲ್ಲಿ ತಬ್ಬಿಕೊಂಡಳು. ಒಂದು ಹೆಜ್ಜೆ ಹತ್ತಿದಳು. ನಿಂತಳು. ಕೆಳಗೆ ಜೋಗಯ್ಯ, ಬೊಮ್ಮಣ್ಣ, ಮೊಲ, ಆಮೆ, ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಇನ್ನೊಂದು ಹೆಜ್ಜೆ. ಮತ್ತೊಂದು. ಎಂದಿನ ಕಾಡುಪಾಪದ ನಡಿಗೆಯಲ್ಲೇ, ಅವಸರವಿಲ್ಲದೆ, ಅವಳು ಮೊದಲ ಕವಲಿಗೆ ಏರಿ ಕೂತಳು. ಕೆಳಗೆ ನೋಡಿದಳು. ತಂಗಿ ಇನ್ನೂ ಎರಡು ಕೈ ಚಾಚಿಕೊಂಡು ನಿಂತಿದ್ದಳು, ಅಕ್ಕ ಬಿದ್ದರೆ ಹಿಡಿಯುವವಳ ಹಾಗೆ.

"ಲೇ ಸಣ್ಣಿ," ಎಂದು ಮುದ್ದಮ್ಮ ಕೂಗಿದಳು. "ನಾನು ಬೀಳಲ್ಲ ಕಣೇ. ಬಾ ಮೇಲಕ್ಕೆ. ಇನ್ನಾದ್ರೂ ಮಲಕ್ಕೋ."

ಸಣ್ಣಮ್ಮ ಹತ್ತಿ ಹೋಗಿ ಅಕ್ಕನ ಮಡಿಲಿಗೆ ತಲೆಯಿಟ್ಟಳು. ಕಣ್ಣು ಮುಚ್ಚುವುದೊಂದೇ ಬಾಕಿ ಇತ್ತು, ನಿದ್ದೆ ಬಂದೇಬಿಟ್ಟಿತು. ಆ ಹಗಲು ಕಾಡಿನಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಹುಂಜ ಕೂಗಲಿಲ್ಲ. ಅಷ್ಟು ದೊಡ್ಡ ಕಾಡುಕೋಣ ಬೊಮ್ಮಣ್ಣ ಆ ಮರದ ಹತ್ತಿರ ಬಂದಾಗ ತುದಿಗಾಲಿನಲ್ಲಿ ನಡೆದುಹೋದ.

ನೀತಿ: ಕಾಟವನ್ನು ಅಟ್ಟಿದರೆ ಸಾಲದು, ಅದಕ್ಕೆ ತುತ್ತು ಹಾಕುತ್ತಿರುವ ನಮ್ಮದೇ ಕೈಯನ್ನು ನೋಡಿಕೊಳ್ಳಬೇಕು, ತಾಳ್ಮೆಯಿಂದ ಕಣ್ಣುಬಿಟ್ಟು ನೋಡುವವರ ಎದುರು ಯಾವ ಮೋಸವೂ ಬಹಳ ದಿನ ನಿಲ್ಲುವುದಿಲ್ಲ.